ಲಾಬಿಯಲ್ಲಿ ಕಾದ ‘ಟೆಸ್ಟ್ 2’: ಹಳೆ ಮೀಟಿಂಗ್ ರೂಮಿಗೆ ಗೇಟ್‌ವೇ ಹಾಕಿಸಿ ಮೂರು ವರ್ಷ

ಎಂಟು ಜನ ಮೇಜಿನ ಸುತ್ತ ಕೂತಿದ್ದೆವು. ಎದುರಿಗೆ ದೊಡ್ಡ ಟಿವಿ. ಅದರಲ್ಲಿ ಒಂದೇ ಸಾಲು: ಹೋಸ್ಟ್ ಒಳಗೆ ಬಿಡುವ ತನಕ ಕಾಯಿರಿ. ಕಾದೆವು. 11 ನಿಮಿಷ ಆಯಿತು. ಕೊನೆಗೆ ಫೋನ್ ಮಾಡಿದರೆ ಆ ಕಡೆಯವರು, ‘ನಾವೂ ನಿಮಗೇ ಕಾಯ್ತಾ ಇದ್ದೀವಿ. ಲಾಬಿಯಲ್ಲಿ ಟೆಸ್ಟ್ 2 ಅಂತ ಯಾರೋ ನಿಂತಿದ್ದಾರೆ, ಗೊತ್ತಿಲ್ಲದವರು ಅಂತ ಬಿಟ್ಟಿಲ್ಲ’ ಎಂದರು.

ಆ ಟೆಸ್ಟ್ 2 ನಾವೇ.

ಹಳೆ ಮೀಟಿಂಗ್ ರೂಮನ್ನು ವೆಬ್ ಮೀಟಿಂಗಿಗೆ ಸೇರಿಸುವ ಈ ಗೇಟ್‌ವೇ ಸೇವೆಯ ಬಗ್ಗೆ ಬರೆಯಬೇಕು ಎಂದು ಅನಿಸಿದ್ದೇ ಆವತ್ತು. ಬರೆಯಲು ಮೂರು ವರ್ಷ ಹಿಡಿಯಿತು, ಅಷ್ಟರಲ್ಲಿ ಸಿಟ್ಟು ಸ್ವಲ್ಪ ಇಳಿದಿದೆ.

ನಮ್ಮ ರೂಮಿನಲ್ಲಿರುವುದು ಹಳೆಯ ಕಾಲದ ಸೆಟ್. ತಿರುಗುವ, ಜೂಮ್ ಆಗುವ ಕ್ಯಾಮೆರಾ, ಮೇಜಿನ ಮೇಲೆ ಎರಡು ಮೈಕು, ಟಿವಿ ಹಿಂದೆ ಒಂದು ಡಬ್ಬಿ. ವಿಡಿಯೋ ಕರೆ ಜೋಡಿಸಲು ಅದಕ್ಕೆ ಗೊತ್ತಿರುವ ಭಾಷೆ ಎರಡೇ, ಎಚ್.323 ಮತ್ತು ಎಸ್‌ಐಪಿ. ಮೊದಲನೆಯದು 1996ರಲ್ಲಿ ಬಂದ ಸ್ಟ್ಯಾಂಡರ್ಡ್. ಈಗ ಎಲ್ಲರೂ ಕಳಿಸುವುದು ಜೂಮ್, ಟೀಮ್ಸ್, ಮೀಟ್ ಲಿಂಕು. ಲಿಂಕು ಎಂದರೆ ಏನು ಎಂದೇ ಈ ಡಬ್ಬಿಗೆ ಗೊತ್ತಿಲ್ಲ. ಅದು ನಂಬರ್ ಹೊಡೆಯುತ್ತದೆ, ಆ ಕಡೆ ಯಾರಾದರೂ ಎತ್ತಬೇಕು. ಹೊಸ ಸೆಟ್ ತರಲು ದುಡ್ಡಿರಲಿಲ್ಲ. ಕ್ಯಾಮೆರಾ ಇನ್ನೂ ಗಟ್ಟಿಮುಟ್ಟಾಗಿತ್ತು, ಎಸೆಯಲು ಮನಸ್ಸೂ ಬರಲಿಲ್ಲ. ಹಾಗಾಗಿ ವರ್ಷದ ಚಂದಾ ಕಟ್ಟಿ ಗೇಟ್‌ವೇ ಸೇವೆ ತೆಗೆದುಕೊಂಡೆವು. ಡಬ್ಬಿ ಗೇಟ್‌ವೇಗೆ ಕರೆ ಮಾಡುತ್ತದೆ, ಗೇಟ್‌ವೇ ನಮ್ಮ ಪರವಾಗಿ ವೆಬ್ ಮೀಟಿಂಗಿನೊಳಗೆ ಹೋಗಿ ಕೂರುತ್ತದೆ. ನಡುವೆ ಕೂತ ದುಭಾಷಿ ಅಂದುಕೊಳ್ಳಿ.

ಮೊದಲ ವಾರ ಪೂರ್ತಿ ಒಂದು ಕಡೆಯ ದನಿಯ ಕಾಟ. ಅವರ ಮಾತು ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ ಇಲ್ಲ. ತಪ್ಪು ಗೇಟ್‌ವೇಯದಲ್ಲ, ನಮ್ಮ ರೂಟರಿನದು. ಅದರಲ್ಲಿ ಎಸ್‌ಐಪಿ ಎಎಲ್‌ಜಿ ಎಂಬ ಸೆಟ್ಟಿಂಗ್ ಆನ್ ಇತ್ತು. ಸಹಾಯ ಮಾಡುತ್ತೇನೆ ಎಂದು ಬಂದು ಕರೆಯೊಳಗಿನ ವಿಳಾಸಗಳನ್ನೇ ತಿದ್ದಿ ಹಾಳು ಮಾಡುವ ಸೆಟ್ಟಿಂಗ್ ಅದು. ಆಫ್ ಮಾಡಿದೆ, ಸರಿಹೋಯಿತು. ನಿಮಗೂ ಹೀಗಾದರೆ ಬೇರೆ ಯಾರನ್ನೂ ಬೈಯುವ ಮೊದಲು ಅದನ್ನು ನೋಡಿ.

ಆಮೇಲೆ ರಿಮೋಟು. ಪ್ರತಿ ಕರೆಗೂ ಅದರಲ್ಲಿ ಒತ್ತಬೇಕು: ಗೇಟ್‌ವೇಯ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ನಂಬರ್, ಎರಡು ಹ್ಯಾಶ್, 11 ಅಂಕಿಯ ಮೀಟಿಂಗ್ ಸಂಖ್ಯೆ, ಇನ್ನೊಂದು ಹ್ಯಾಶ್, ಪಾಸ್‌ಕೋಡ್. ಚುಕ್ಕಿ ಬೇಕಾದರೆ ಸ್ಟಾರ್ ಒತ್ತಬೇಕು. ಒಂದು ಅಂಕಿ ತಪ್ಪಿತೋ, ಮತ್ತೆ ಮೊದಲಿಂದ. ಅದೂ ಎಂಟು ಜನ ಹಿಂದೆ ಕೂತು ನನ್ನ ಬೆರಳನ್ನೇ ನೋಡುತ್ತಿರುವಾಗ. ಒಬ್ಬರು ಸಂಖ್ಯೆ ಓದಿ ಹೇಳುವುದು, ಇನ್ನೊಬ್ಬರು ‘ಅಲ್ಲ ಅಲ್ಲ, ಎಂಟು’ ಎನ್ನುವುದು. ಪರೀಕ್ಷೆ ಬರೆಯುವಾಗಲೂ ನನಗೆ ಇಷ್ಟು ಬೆವರು ಬಂದಿರಲಿಲ್ಲ.

ಇದಕ್ಕೆ ಒಂದು ದಾರಿ ಸಿಕ್ಕಿತು. ಪ್ರತಿ ವಾರದ ಮೀಟಿಂಗನ್ನು ರಿಪೀಟ್ ಆಗುವ ಹಾಗೆ ಇಟ್ಟರೆ ಅದರ ಸಂಖ್ಯೆ ಬದಲಾಗುವುದಿಲ್ಲ. ಆ ಉದ್ದನೆಯ ಸಾಲನ್ನು ಒಮ್ಮೆ ಸ್ಪೀಡ್ ಡಯಲಿಗೆ ಹಾಕಿ ‘ಸೋಮವಾರ’ ಎಂದು ಹೆಸರಿಟ್ಟೆ. ಈಗ ಸೋಮವಾರ ಹತ್ತು ನಿಮಿಷ ಮೊದಲೇ ರೂಮಿಗೆ ಹೋಗುತ್ತೇನೆ. ರಿಮೋಟ್ ಎತ್ತಿದ ಕೂಡಲೇ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಕ್ಯಾಮೆರಾ ಸಣ್ಣಗೆ ಸದ್ದು ಮಾಡಿ ಈ ಕಡೆ ತಿರುಗುತ್ತದೆ. ನಾಯಿಮರಿ ತಲೆ ಎತ್ತಿ ನೋಡಿದ ಹಾಗೆ. ಒಂದು ಬಟನ್ ಒತ್ತಿದರೆ ಕರೆ ಹೋಗುತ್ತದೆ. ಆಮೇಲೆ ಪ್ರಿಸೆಟ್, ಅಂದರೆ ಕ್ಯಾಮೆರಾ ಎತ್ತ ನೋಡಬೇಕು ಎಂದು ಮೊದಲೇ ಉಳಿಸಿಟ್ಟ ಅಂಕಿ, ಒತ್ತುತ್ತೇನೆ. ಒಂದು ಅಂದರೆ ಇಡೀ ಮೇಜು, ಎರಡು ಅಂದರೆ ವೈಟ್‌ಬೋರ್ಡು, ಮೂರು ಅಂದರೆ ಯಾವಾಗಲೂ ಮೂಲೆಯಲ್ಲೇ ಕೂರುವ ನಮ್ಮ ಲೆಕ್ಕದವರು. ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ಈ ಸುಖ ಎಲ್ಲಿ?

ಆದರೆ ಸೋಮವಾರದ ಮೀಟಿಂಗ್ ನಮ್ಮದೇ, ನಮ್ಮವರೇ ಹೋಸ್ಟ್. ಹೊರಗಿನವರ ಮೀಟಿಂಗಿಗೆ ಹೋದಾಗಲೇ ಲಾಬಿ ಕಥೆ. ಲ್ಯಾಪ್‌ಟಾಪಿನಿಂದ ಲಾಗಿನ್ ಆಗಿ ಹೋದರೆ ನಿಮ್ಮ ಹೆಸರು, ಫೋಟೋ ಎಲ್ಲ ಕಾಣುತ್ತದೆ. ಗೇಟ್‌ವೇ ಮೂಲಕ ಹೋದ ರೂಮು ಗುರುತಿಲ್ಲದ ಅತಿಥಿ. ಡಬ್ಬಿ ಏನು ಹೆಸರು ಹೇಳುತ್ತದೋ ಅದೇ ಹೆಸರು. ನಮ್ಮ ಡಬ್ಬಿಗೆ ಅದನ್ನು ಜೋಡಿಸಿದ ಹುಡುಗ ಯಾವ ಕಾಲದಲ್ಲೋ ಇಟ್ಟ ಹೆಸರು ಟೆಸ್ಟ್ 2. ಟೆಸ್ಟ್ 1 ಏನಾಯಿತೋ, ದೇವರೇ ಬಲ್ಲ.

ಸಪೋರ್ಟಿಗೆ ಬರೆದೆ. ‘ನಿಮ್ಮ ಸಾಧನ ಕಳಿಸುವ ಹೆಸರನ್ನೇ ನಾವು ತೋರಿಸುತ್ತೇವೆ’ ಎಂದು ಎರಡು ದಿನದ ಮೇಲೆ ಒಂದೇ ಸಾಲಿನ ಉತ್ತರ. ಎಲ್ಲಿ ಬದಲಿಸಬೇಕು ಎಂದು ಕೇಳಿದರೆ ಉತ್ತರವೇ ಇಲ್ಲ. ಆರು ತಿಂಗಳು ನಾವು ಟೆಸ್ಟ್ 2 ಆಗಿಯೇ ಬದುಕಿದೆವು. ಮೀಟಿಂಗಿಗೆ ಮುಂಚೆ ‘ಲಾಬಿಯಲ್ಲಿ ಟೆಸ್ಟ್ 2 ಬಂದರೆ ದಯವಿಟ್ಟು ಬಿಡಿ’ ಎಂದು ಮೆಸೇಜ್ ಹಾಕುವುದೇ ಒಂದು ಕೆಲಸವಾಯಿತು.

ಕೊನೆಗೆ ಒಂದು ಮಧ್ಯಾಹ್ನ ಸುಮ್ನೆ ಡಬ್ಬಿಯ ಸೆಟ್ಟಿಂಗ್ ಪುಟ ತೆರೆದು ಕೂತೆ. ಹೆಸರು ಒಂದಲ್ಲ, ಮೂರು ಕಡೆ ಇದೆ. ಸಿಸ್ಟಂ ಹೆಸರು ಒಂದು ಪುಟದಲ್ಲಿ, ಎಚ್.323 ಹೆಸರು ಇನ್ನೊಂದರಲ್ಲಿ, ಎಸ್‌ಐಪಿ ಹೆಸರು ಮತ್ತೊಂದರಲ್ಲಿ. ಯಾವ ಭಾಷೆಯಲ್ಲಿ ಕರೆ ಹೋಗುತ್ತದೋ ಆ ಹೆಸರು ಆ ಕಡೆ ಕಾಣುತ್ತದೆ. ಮೂರನ್ನೂ ನಮ್ಮ ಆಫೀಸಿನ ಹೆಸರಿಗೆ ಬದಲಿಸಿದೆ. ಹತ್ತು ನಿಮಿಷದ ಕೆಲಸ. ಆರು ತಿಂಗಳು ಬೈದುಕೊಂಡು ತಿರುಗಿದ್ದರಲ್ಲಿ ಅರ್ಧ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಬೇಕು. ಉಳಿದರ್ಧ ಸಪೋರ್ಟಿನವರದು, ಅದನ್ನು ಬಿಟ್ಟುಕೊಡುವುದಿಲ್ಲ.

ಅಲ್ಲಿಂದ ಮುಂದೆ ಇದು ಮೆಲ್ಲಗೆ ಇಷ್ಟವಾಗತೊಡಗಿತು. ದೊಡ್ಡ ಕಾರಣ ದನಿ. ಸಾಮಾನ್ಯ ಫೋನ್ ಕರೆಯಲ್ಲಿ ದನಿ ಸುಮಾರು 3.4 ಕಿಲೋಹರ್ಟ್ಜ್‌ಗೆ ನಿಲ್ಲುತ್ತದೆ, ಅದರ ಮೇಲಿನ ತೀಕ್ಷ್ಣ ಸದ್ದು ಬರುವುದಿಲ್ಲ. ಅದಕ್ಕೇ ಫೋನಿನಲ್ಲಿ ‘ಸ’ ಯಾವುದು ‘ಫ’ ಯಾವುದು ಎಂದು ಗೊಂದಲ. ನಮ್ಮ ಡಬ್ಬಿ ಬಳಸುವ ಜಿ.722 ಕೊಡೆಕ್, ಅಂದರೆ ದನಿಯನ್ನು ಕುಗ್ಗಿಸಿ ಕಳಿಸುವ ವಿಧಾನ, 7 ಕಿಲೋಹರ್ಟ್ಜ್ ತನಕ ಹೋಗುತ್ತದೆ. ವೆಬ್ ಮೀಟಿಂಗಿನ ಓಪಸ್ ಎಂಬ ಕೊಡೆಕ್ 20ರ ತನಕ ಹೋಗಬಲ್ಲದು, ನಿಜ. ಆದರೆ ಮೈಕು ಎಲ್ಲಿದೆ ಎನ್ನುವುದು ಅದಕ್ಕಿಂತ ಜಾಸ್ತಿ ಮುಖ್ಯ ಅಲ್ವಾ? ನಮ್ಮಲ್ಲಿ ಒಬ್ಬರು ತುಂಬಾ ಮೆಲ್ಲಗೆ ಮಾತಾಡುತ್ತಾರೆ. ಲ್ಯಾಪ್‌ಟಾಪ್ ಇಟ್ಟು ಮಾಡಿದ ಮೀಟಿಂಗಿನಲ್ಲಿ ಪ್ರತಿ ಸಲ ‘ಜೋರಾಗಿ ಹೇಳಿ’ ಎನ್ನಿಸಿಕೊಳ್ಳುತ್ತಿದ್ದರು, ಆಮೇಲೆ ಮಾತಾಡುವುದನ್ನೇ ಬಿಟ್ಟಿದ್ದರು. ಮೇಜಿನ ಮೈಕು ಅವರಿಂದ ಒಂದು ಮಾರು ದೂರದಲ್ಲಿದೆ. ಈಗ ಅವರು ಮೊದಲಿನ ಹಾಗೆ ಮಾತಾಡುತ್ತಾರೆ, ಯಾರೂ ತಡೆಯುವುದಿಲ್ಲ. ಜಾಹೀರಾತಿನಲ್ಲಿ ಇದನ್ನು ಯಾರೂ ಬರೆದಿರಲಿಲ್ಲ.

ಇನ್ನೂ ಕಾಡುವುದು ಚಾಟ್. ಡಬ್ಬಿಗೆ ಬರುವುದು ಚಿತ್ರ, ದನಿ, ಆ ಕಡೆಯವರು ಶೇರ್ ಮಾಡಿದ ಪರದೆ, ಇಷ್ಟೇ. ಚಾಟ್ ಇಲ್ಲ, ಕೈ ಎತ್ತುವ ಬಟನ್ ಇಲ್ಲ, ಪೋಲ್ ಇಲ್ಲ. ‘ಲಿಂಕ್ ಚಾಟ್‌ನಲ್ಲಿ ಹಾಕಿದ್ದೀನಿ ನೋಡಿ’ ಎಂದಾಗ ನಾವು ಮುಖ ಮುಖ ನೋಡಿಕೊಳ್ಳುತ್ತೇವೆ. ಯಾರೋ ಒಬ್ಬರು ಚಾಟ್ ನೋಡಲು ಲ್ಯಾಪ್‌ಟಾಪ್ ತೆರೆದು ಅದೇ ಮೀಟಿಂಗಿಗೆ ಸೇರುತ್ತಾರೆ. ಮೈಕು, ಸ್ಪೀಕರ್ ಆಫ್ ಮಾಡಲು ಮರೆಯುತ್ತಾರೆ. ಮರುಕ್ಷಣ ರೂಮಿನ ತುಂಬ ಕುಯ್ಯೋ ಎಂಬ ಕೂಗು. ಪಾಪ, ಡಬ್ಬಿಯ ಎಕೋ ತಡೆ ತನ್ನ ಸ್ಪೀಕರಿನ ದನಿಯನ್ನಷ್ಟೇ ಗುರುತಿಸುತ್ತದೆ. ಪಕ್ಕದ ಲ್ಯಾಪ್‌ಟಾಪ್ ಏನು ಹೇಳುತ್ತಿದೆ ಎಂದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಈಗ ಬಾಗಿಲ ಹತ್ತಿರ ಚೀಟಿ ಅಂಟಿಸಿದ್ದೇನೆ: ಲ್ಯಾಪ್‌ಟಾಪಿನಲ್ಲಿ ಸೇರುವವರು ‘ಆಡಿಯೋ ಬೇಡ’ ಒತ್ತಿ ಸೇರಿ. ಹೊಸಬರು ಓದುವುದಿಲ್ಲ.

ಇನ್ನೊಂದು ಮಾತು. ಎಂಡ್ ಟು ಎಂಡ್ ಎನ್‌ಕ್ರಿಪ್ಷನ್, ಅಂದರೆ ಮಾತಾಡುವವರ ಸಾಧನಗಳ ಹೊರತು ನಡುವೆ ಯಾರಿಗೂ ಬಿಡಿಸಲಾಗದ ಬೀಗ, ಹಾಕಿದ ಮೀಟಿಂಗಿಗೆ ಈ ದಾರಿಯಲ್ಲಿ ಹೋಗಲು ಆಗುವುದಿಲ್ಲ. ದುಭಾಷಿಗೆ ಮಾತು ಕೇಳಿಸಲೇಬೇಕಲ್ಲ. ನಿಮ್ಮ ಮೀಟಿಂಗುಗಳು ಹಾಗಿದ್ದರೆ ಈ ಸೇವೆಯ ಕಡೆ ತಲೆ ಹಾಕಬೇಡಿ.

ಚಂದಾ ಮುಗಿಯುವ ಹೊತ್ತಿಗೆ ಇನ್ನೊಂದು ದಾರಿ ನೋಡಿದೆ. ಡಬ್ಬಿಯನ್ನೇ ಬಿಟ್ಟು, ಕ್ಯಾಮೆರಾದ ಎಚ್‌ಡಿಎಂಐ ವೈರನ್ನು ಕ್ಯಾಪ್ಚರ್ ಡಾಂಗಲಿಗೆ ಹಾಕಿ ಲ್ಯಾಪ್‌ಟಾಪಿಗೆ ಕೊಡುವುದು. ಲ್ಯಾಪ್‌ಟಾಪಿಗೆ ಅದು ಮಾಮೂಲಿ ವೆಬ್‌ಕ್ಯಾಮ್ ಆಗಿ ಕಾಣುತ್ತದೆ. ಚಾಟ್ ಇದೆ, ಲಾಬಿಯಲ್ಲಿ ನಮ್ಮ ಹೆಸರೇ ಇದೆ, ಚಂದಾ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಮೇಜಿನ ಮೈಕು ಡಬ್ಬಿಗೆ ಮಾತ್ರ ಹೊಂದುತ್ತವೆ, ಹಾಗಾಗಿ ಬೇರೆ ಯುಎಸ್‌ಬಿ ಸ್ಪೀಕರ್‌ಫೋನ್ ತರಬೇಕಾಯಿತು. ಸಾದಾ ಯುಎಸ್‌ಬಿ 2 ಕೇಬಲ್ 5 ಮೀಟರಿಗಿಂತ ಉದ್ದ ನಂಬುವ ಹಾಗಿಲ್ಲ, ನಮ್ಮ ಮೇಜಿನ ತುದಿ ಅದಕ್ಕಿಂತ ದೂರ. ಮೂರು ವಾರ ನಡೆಸಿದೆವು. ಮೆಲ್ಲಗೆ ಮಾತಾಡುವವರು ಎರಡನೇ ವಾರಕ್ಕೇ ಮತ್ತೆ ಸುಮ್ಮನಾದರು. ನಾನು ಚಂದಾ ಕಟ್ಟಿದೆ.

ಡಾಂಗಲ್ ಡ್ರಾಯರಿನಲ್ಲಿ ಹಾಗೇ ಇದೆ, ಹೊರಗಿನವರ ಮೀಟಿಂಗಿಗೆ ಅದೇ ಸಲೀಸು. ಇಬ್ಬರು ಮೂವರು ಕೂರುವ ಸಣ್ಣ ರೂಮಾದರೆ, ಹಳೆ ಸೆಟ್ ಇಲ್ಲದಿದ್ದರೆ, ಗೇಟ್‌ವೇ ಬೇಡವೇ ಬೇಡ. ಒಳ್ಳೆ ಮೈಕು ಕ್ಯಾಮೆರಾ ಈಗಾಗಲೇ ಗೋಡೆಯಲ್ಲಿದ್ದು, ಪ್ರತಿ ವಾರ ಅದೇ ಜನ ಸೇರುವವರಾದರೆ ತಗೊಳ್ಳಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಮೊದಲ ವರ್ಷ ಕೇಳಿದ್ದರೆ ಒಂದು ಕೊಡುತ್ತಿದ್ದೆ.

ಕಳೆದ ತಿಂಗಳು ಡಬ್ಬಿ ಕೈಕೊಟ್ಟಿತು. ಫ್ಯಾಕ್ಟರಿ ರೀಸೆಟ್ ಮಾಡಿ, ಹುಡುಗ ಇಟ್ಟುಹೋಗಿದ್ದ ಹಳೆ ಬ್ಯಾಕಪ್ ಹಾಕಿದೆ. ಎಲ್ಲ ಸರಿಯಾಯಿತು. ಮರುದಿನ ಮೀಟಿಂಗ್ ಶುರುವಾಗಿ ಐದು ನಿಮಿಷ ಆದರೂ ಟಿವಿಯಲ್ಲಿ ಅದೇ ಒಂದು ಸಾಲು. ಫೋನ್ ಬಂತು. ‘ಸರ್, ಟೆಸ್ಟ್ 2 ಯಾರು?’