ಗಂಟು ಊದಿದ ಕೈಗೆ ಎಲೆಕ್ಟ್ರಿಕ್ ಬ್ರಶ್: ಹಿಡಿ ಪಾಸ್, ಬಟನ್ ಫೇಲ್

ರೀಚಾರ್ಜ್ ಆಗುವ, ದುಂಡು ತಲೆಯ ಬ್ರಶ್ಶನ್ನು ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬಿದ್ದು ಅವು ಊದುವ ಕಾಯಿಲೆ) ಇರುವವರು ಕೊಳ್ಳಬಹುದೇ? ಕೊಳ್ಳಬಹುದು, ಆದರೆ ಹಲ್ಲು ಬೆಳ್ಳಗಾಗಲಿ ಎಂದಲ್ಲ. ಬೆರಳು, ಮಣಿಕಟ್ಟು ಬಿಗಿದವರಿಗೆ ಸಾಮಾನ್ಯ ಬ್ರಶ್‌ನ ತೆಳು ಹಿಡಿ ನಿಲ್ಲುವುದಿಲ್ಲ. ದವಡೆಹಲ್ಲಿನ ಒಳಬದಿಯಲ್ಲಿ ಪಾಚಿ ಉಳಿದು ಒಸಡು ಊದುತ್ತದೆ. ಒಸಡಿನ ರೋಗ ಇವರಲ್ಲಿ ಮೊದಲೇ ಹೆಚ್ಚು. ಅಲ್ಲಿ ಬೆಳೆಯುವ ಪಾರ್ಫಿರೋಮೋನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ ಪ್ರೋಟೀನುಗಳ ಒಂದು ಭಾಗವನ್ನು ಸಿಟ್ರುಲಿನ್ ಎಂಬ ಬೇರೆ ರೂಪಕ್ಕೆ ತಿರುಗಿಸಬಲ್ಲದು. ಈ ಕಾಯಿಲೆ ಪತ್ತೆಗೆ ಮಾಡುವ ರಕ್ತದ ಆಂಟಿ-ಸಿಸಿಪಿ ಪರೀಕ್ಷೆ ಹುಡುಕುವುದು ಇಂಥ ಪ್ರೋಟೀನಿನ ಮೇಲೆ ತಿರುಗಿಬಿದ್ದ ಪ್ರತಿಕಾಯಗಳನ್ನೇ.

ದಪ್ಪ ಹಿಡಿಯನ್ನು ಬೆರಳು ಪೂರ್ತಿ ಮಡಿಸದೆಯೂ ಹಿಡಿಯಬಹುದು. ಉಜ್ಜುವ ಕೆಲಸ ಮೋಟಾರಿನದು. ಕೈ ಮಾಡಬೇಕಾದ್ದು ಹಲ್ಲಿಂದ ಹಲ್ಲಿಗೆ ಸರಿಸುವುದಷ್ಟೇ. ದವಡೆಯ ಕೀಲಿಗೂ ಕಾಯಿಲೆ ತಗುಲಿ ಬಾಯಿ ಮೂರು ಬೆರಳಗಲ ತೆರೆಯದವರಿಗೆ ಚಿಕ್ಕ ದುಂಡು ತಲೆಯೇ ವಾಸಿ. ಬೆಳಗಿನ ಬಿಗಿತ ಜಾಸ್ತಿ ಇದ್ದರೆ ರಾತ್ರಿಯ 2 ನಿಮಿಷ ಮಾತ್ರ ತಪ್ಪಿಸಬೇಡಿ.

ಇನ್ನು ದೂರು. ರಬ್ಬರಿನೊಳಗೆ ಹುದುಗಿದ ಬಟನ್ ಒತ್ತಲು ಹೆಬ್ಬೆರಳಿಗೆ ಬಲ ಬೇಕು. 3 ತಿಂಗಳಿಗೊಮ್ಮೆ ತಲೆ ಬದಲಿಸುವಾಗ ಚಿವುಟಿ ಎಳೆಯಬೇಕು, ಊದಿದ ಬೆರಳಿಗೆ ಆಗದ ಕೆಲಸವೇ ಅದು. ಮನೆಯವರಿಂದ ಮಾಡಿಸಿ, ತಲೆ ಕೂರುವ ಸಂದಿಯಲ್ಲಿ ಕಟ್ಟಿದ ಕಪ್ಪು ಕೊಳೆಯನ್ನೂ ತೊಳೆಸಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಬಟನ್ ಒತ್ತಿ ನೋಡಿ. ತೂಕ ಭಾರವೆನಿಸಿದರೆ ಸಾಮಾನ್ಯ ಬ್ರಶ್‌ಗೇ ಸೈಕಲ್ ಹ್ಯಾಂಡಲ್‌ನ ರಬ್ಬರ್ ಹಿಡಿ ತೊಡಿಸಿ, ಅಷ್ಟೇನೂ ಕಡಿಮೆಯಿಲ್ಲ.

ಹಲ್ಲಿನ ಸಂದಿ ಇದಕ್ಕೆ ಎಟುಕದು. ಸಂದಿ ಉಜ್ಜುವ ನೂಲು (ಫ್ಲಾಸ್) ಹಿಡಿಯಲಾಗದವರು ಉದ್ದ ಹಿಡಿಯ ಸಂದಿಬ್ರಶ್ ಬಳಸಲಿ. ತುರುಕದೆ ಒಳಹೋಗುವಷ್ಟು ಸಣ್ಣದಿರಲಿ. ಜೊತೆಗೆ ಬಾಯಿ, ಕಣ್ಣು ಒಣಗಿಸುವ ಶೋಗ್ರೆನ್ಸ್ ಕಾಯಿಲೆ ಇದ್ದು ಜೊಲ್ಲು ಬತ್ತಿದ್ದರೆ ಬ್ರಶ್ ಒಂದೇ ಸಾಲದು, ಹಲ್ಲಿನ ಬುಡ ಬೇಗ ಹುಳುಕಾಗುತ್ತದೆ. ನೊರೆ ಕಡಿಮೆ ಇರುವ ಫ್ಲೋರೈಡ್ ಪೇಸ್ಟ್ ಹಾಕಿ, ಉಗಿದ ಮೇಲೆ ಬಾಯಿ ಮುಕ್ಕಳಿಸಬೇಡಿ.

ಬಾಯಿಹುಣ್ಣು ಬಂದರೆ ಬ್ರಶ್ಶನ್ನು ಬೈಯುವ ಮೊದಲು ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ಔಷಧಿಯ ಲೆಕ್ಕ ನೋಡಿ. ಅದು ವಾರಕ್ಕೊಮ್ಮೆಯ ಮಾತ್ರೆ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ವಿಟಮಿನ್ ಮರೆತಿದ್ದರೂ ಹುಣ್ಣಾಗಬಹುದು; ತಪ್ಪಿ ದಿನಾ ನುಂಗಿದ್ದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಬೇಕು.