ಫಿಲ್ಮ್ ಡಿಗ್ರಿನಾ, ಸೀದಾ ಸೆಟ್ಟಿಗೆ ಹೋಗೋದಾ?

ಡಿಗ್ರಿ ಖರ್ಚು ಅಂದ್ರೆ ಎಲ್ರೂ ಫೀಸ್ ಮಾತ್ರ ನೋಡ್ತಾರೆ, ಆದ್ರೆ ಹಾಸ್ಟೆಲ್, ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕು, ಕೊನೆ ವರ್ಷದ ಪ್ರಾಜೆಕ್ಟ್ ಫಿಲ್ಮಿಗೆ ಕೈಯಿಂದ ಹಾಕೋ ದುಡ್ಡು, ಸಾಲದ ಬಡ್ಡಿ, ಜೊತೆಗೆ ಆ 3-4 ವರ್ಷ ದುಡೀಬಹುದಾಗಿದ್ದ ಸಂಬಳ, ಇಷ್ಟೂ ಸೇರಿಸಿ ಲೆಕ್ಕ ಹಾಕ್ಬೇಕು. ಸೆಟ್ಟಲ್ಲಿ ಅಸಿಸ್ಟೆಂಟಾಗಿ ಸೇರಿದ್ರೆ ಫೀಸ್ ಇಲ್ಲ ನಿಜ, ಆದ್ರೆ ಶುರುವಲ್ಲಿ ಸಿಗೋದು ತುಂಬಾ ಕಮ್ಮಿ, ಕೆಲವು ಕಡೆ ಊಟ ಓಡಾಟದ ಖರ್ಚಷ್ಟೇ ಕೊಡ್ತಾರೆ, ಒಂದು ಸಿನಿಮಾ ಮುಗಿದ್ರೆ ಮುಂದಿನದು ಸಿಗೋವರೆಗೂ ಕೈ ಖಾಲಿ.

ಬೇಜಾರಿನ ವಿಷ್ಯ ಏನಂದ್ರೆ ಡಿಗ್ರಿ ಮಾಡ್ದೋರೂ ಬಹಳಷ್ಟು ಜನ ಇದೇ ಸಂಬಳದಿಂದಾನೇ ಶುರು ಮಾಡ್ತಾರೆ, ಡೈರೆಕ್ಷನ್ನಲ್ಲಂತೂ ಸರ್ಟಿಫಿಕೇಟ್ ಯಾರೂ ಕೇಳಲ್ಲ, ಮಾಡಿರೋ ಕೆಲ್ಸ ತೋರ್ಸು ಅಂತಾರೆ.

ಎಡಿಟಿಂಗ್, ಸೌಂಡ್ ಬೇರೆ ಥರ. ಜಾಹೀರಾತು, ಟಿವಿ, ಆನ್‌ಲೈನ್ ವಿಡಿಯೋ ಎಲ್ಲಾ ಕಡೆ ಕೆಲ್ಸ ಇರತ್ತೆ, ದುಡ್ಡು ಬೇಗ ಬರತ್ತೆ. ಎಡಿಟಿಂಗ್ ಕಲಿಯೋಕೆ ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಷನ್ನೇ ಸಾಕು. ಸೌಂಡಿಗೆ ಒಳ್ಳೆ ಸ್ಟುಡಿಯೋ ಬೇಕು, ಅದಕ್ಕೆ ಕಾಲೇಜು ಉಪಯೋಗ ಆಗತ್ತೆ.

ನನ್ನ ಕೇಳಿದ್ರೆ, ಸರ್ಕಾರಿ ಸೀಟೋ ಸ್ಕಾಲರ್‌ಶಿಪ್ಪೋ ಸಿಕ್ರೆ ಕಣ್ಮುಚ್ಚಿ ಸೇರಿ, ಅಲ್ಲಿ ಸಿಗೋ ಬ್ಯಾಚ್‌ಮೇಟ್ಸೇ ಮುಂದೆ ಕೆಲ್ಸಕ್ಕೆ ಕರೆಯೋರು. ಮನೆ ಅಡ ಇಟ್ಟು ಸಾಲ ಮಾಡೋ ಹಾಗಿದ್ರೆ ಮಾತ್ರ ದಯವಿಟ್ಟು ಬೇಡ, ಮೊದ್ಲು ಒಂದು ವರ್ಷ ಸೆಟ್ಟಲ್ಲಿ ಕೆಲ್ಸ ಮಾಡಿ ನೋಡಿ.