ಗ್ರಂಥಾಲಯದ ವಯಸ್ಕರ ಕಾರ್ಯಕ್ರಮ: ಇತಿಹಾಸದ ಮೇಜು ಅಚ್ಚುಕಟ್ಟು, ಬಿಪಿ ಮೇಜು ಜಾಗ ಬದಲಿಸಬೇಕು

ದೊಡ್ಡವರಿಗಾಗಿ ಗ್ರಂಥಾಲಯಗಳು ನಡೆಸುವ ಕಾರ್ಯಕ್ರಮ ಎಷ್ಟೋ ಕಡೆ ಒಂದು ಉಪನ್ಯಾಸಕ್ಕೇ ಮುಗಿದುಹೋಗುತ್ತದೆ. ಈ ಸಮುದಾಯ ಗ್ರಂಥಾಲಯದಲ್ಲಿ ಕೈಗೆ ಕೆಲಸ ಕೊಡುತ್ತಾರೆ. ಮೊದಲ ಅವಧಿ ಸ್ಥಳೀಯ ಇತಿಹಾಸ, ಎರಡನೆಯದು ಆರೋಗ್ಯ.

ಇತಿಹಾಸದ ಮೇಜಿನ ಮೇಲೆ ಪೆನ್ಸಿಲ್ ಮಾತ್ರ, ಪೆನ್ನಿಗೆ ಅವಕಾಶವಿಲ್ಲ. ಇದು ಸರಿಯಾದ ಕ್ರಮ. ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಗೀರು ಮುಂಬದಿಗೂ ಮೂಡುತ್ತದೆ. ಬಂದವರು ಮನೆಯಿಂದ ತಂದ ಹಳೆಯ ಫೋಟೊ, ಕಾಗದಗಳಿಂದ ತುಕ್ಕು ಹಿಡಿದ ಪಿನ್ನು, ರಬ್ಬರ್ ಬ್ಯಾಂಡ್‌ಗಳನ್ನು ಮೊದಲು ಬಿಡಿಸುತ್ತಾರೆ. ಅಂಟು ಪುಟದ ಆಲ್ಬಮ್‌ನಿಂದ ಚಿತ್ರ ಎದ್ದು ಬರದಿದ್ದರೆ ಎಳೆಯಲು ಹೋಗದೆ ಇಡೀ ಪುಟವನ್ನೇ ಸ್ಕ್ಯಾನ್ ಮಾಡುತ್ತಾರೆ.

ಸ್ಕ್ಯಾನ್ ಆಗುವುದು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ), ಗುಣಮಟ್ಟ ಕಳೆಯದೆ ಚಿತ್ರ ಉಳಿಸುವ ಟಿಫ್ ಕಡತವಾಗಿ. 4×6 ಇಂಚಿನ ಚಿತ್ರಕ್ಕೆ 2400×3600 ಪಿಕ್ಸೆಲ್ ಸಿಗುತ್ತದೆ. 300 ಡಿಪಿಐನಲ್ಲಿ 8×12 ಇಂಚಿಗೆ ಮುದ್ರಿಸಬಹುದು. ಪಾಸ್‌ಪೋರ್ಟ್ ಅಳತೆಯ ಚಿತ್ರವಾದರೆ 1200 ಡಿಪಿಐ ಬೇಕೆಂದು ನೀವೇ ಕೇಳಿ. ಗಾತ್ರ ಕುಗ್ಗಿಸಿದ ಜೆಪೆಗ್ ಪ್ರತಿ ಮನೆಮಂದಿಗೆ ಕಳಿಸಲು ಸಾಕು. ತಿದ್ದಿ ಉಳಿಸಿದಷ್ಟು ಸಲ ಅದರ ಗುಣಮಟ್ಟ ಇಳಿಯುವುದರಿಂದ ಮೂಲವಾಗಿ ಇಡುವಂಥದ್ದಲ್ಲ. ನಮಗೆ ತುಂಬ ಹಿಡಿಸಿದ್ದು, ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡುವ ಅಭ್ಯಾಸ. ಸ್ಟುಡಿಯೊದ ಮುದ್ರೆ, ಮಾಸಿದ ಕೈಬರಹ, ಇಸವಿಯ ಸುಳಿವು ಹೆಚ್ಚಾಗಿ ಇರುವುದೇ ಅಲ್ಲಿ.

ಹಿರಿಯರ ಮಾತು ದಾಖಲಿಸುವ ಭಾಗವೂ ಚೆನ್ನಾಗಿದೆ. ಫ್ಯಾನ್ ನಿಲ್ಲಿಸಿ, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು, ಧ್ವನಿಯನ್ನು ಕುಗ್ಗಿಸದೆ ಉಳಿಸುವ ವೇವ್ ಕಡತದಲ್ಲಿ ರೆಕಾರ್ಡ್ ಮಾಡಿಸುತ್ತಾರೆ. "ಆಗ ಕಷ್ಟವಿತ್ತೇ?" ಎಂದು ಕೇಳಿದರೆ "ಹೌದು" ಎಂಬಲ್ಲಿಗೆ ಮಾತು ನಿಲ್ಲುತ್ತದೆ, "ನೀರು ಎಲ್ಲಿಂದ ತರುತ್ತಿದ್ದಿರಿ?" ಎಂದರೆ ಬಾವಿ, ದಾರಿ, ಜೊತೆಗಾರರು ಎಲ್ಲ ಹೊರಬರುತ್ತಾರೆ. ಇದನ್ನು ಇಬ್ಬಿಬ್ಬರಾಗಿ ಕೂರಿಸಿ ಅಭ್ಯಾಸ ಮಾಡಿಸುತ್ತಾರೆ. ಸಂದರ್ಶನ ಮುಗಿದ ಮೇಲೆ ಸಮ್ಮತಿ ಪತ್ರ: ಯಾರು ಕೇಳಬಹುದು, ಯಾವ ಭಾಗ ಮುಚ್ಚಿಡಬೇಕು ಎಂದು ಹೇಳಿದವರೇ ಬರೆಯುತ್ತಾರೆ. ಒಂದೇ ಕೊರತೆ, ನೆನಪಿನಿಂದ ಹೇಳಿದ ಇಸವಿಯನ್ನು ಹಳೆಯ ಪತ್ರಿಕೆ, ಶಾಲಾ ದಾಖಲೆಗಳ ಜೊತೆ ತಾಳೆ ನೋಡುವುದನ್ನು ಕಲಿಸಲು ಸಮಯ ಉಳಿಯುವುದಿಲ್ಲ.

ಆರೋಗ್ಯದ ಅವಧಿಯಲ್ಲಿ ಕುರ್ಚಿ ವ್ಯಾಯಾಮ ಧೈರ್ಯವಾಗಿ ಸೇರಬಹುದಾದದ್ದು. ಚಕ್ರವಿಲ್ಲದ, ಕೈಯಿಲ್ಲದ ಗಟ್ಟಿ ಕುರ್ಚಿಗಳು, ಹಿಂದೆ ಗೋಡೆಯ ಆಸರೆ. ಕೈ ಊರದೆ ಎದ್ದು ಕೂರುವುದು, ಕುರ್ಚಿ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು ಮುಖ್ಯ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಇಲ್ಲಿ ಕಲಿತದ್ದನ್ನು ಮನೆಯಲ್ಲಿ ಮುಂದುವರಿಸಲೇಬೇಕು. ಸಾಕ್ಸ್ ಹಾಕಿಕೊಂಡು ನುಣುಪು ನೆಲದ ಮೇಲೆ ಮಾತ್ರ ಬೇಡ.

ಬಿಪಿ ತಪಾಸಣೆಯ ಕ್ರಮ ತಪ್ಪಿದೆ. ವ್ಯಾಯಾಮ ಮುಗಿದ ಕೂಡಲೇ ಸಾಲು ನಿಲ್ಲಿಸಿ ಅಳೆಯುತ್ತಾರೆ. ಆಗ ಬರುವ ಅಂಕಿ ನಿಮ್ಮ ನಿತ್ಯದ ಬಿಪಿ ಅಲ್ಲ. ಅಳೆಯುವ ಮುನ್ನ 30 ನಿಮಿಷ ಕಾಫಿ, ಧೂಮಪಾನ, ವ್ಯಾಯಾಮ ಇರಬಾರದು. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ 5 ನಿಮಿಷ ಸುಮ್ಮನೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ತೋಳಪಟ್ಟಿ ಚಿಕ್ಕದಾದರೆ, ಕೈ ಜೋತುಬಿದ್ದರೆ, ನಡುವೆ ಮಾತಾಡಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಇಲ್ಲಿ ಎಲ್ಲರಿಗೂ ಒಂದೇ ಪಟ್ಟಿ, ಸಾಲದ್ದಕ್ಕೆ ಅಂಗಿಯ ತೋಳಿನ ಮೇಲೇ ಸುತ್ತುತ್ತಾರೆ. ಇದನ್ನು ನಂಬಿ ಯಾರೂ ಗುಳಿಗೆ ಬದಲಿಸಬೇಡಿ.

ಇತಿಹಾಸದ ಅವಧಿಯ ಕೊನೆಯಲ್ಲಿ ಎಲ್ಲರೂ ಹೇಗೂ ಕೂತೇ ಇರುತ್ತಾರೆ. ಬಿಪಿ ಮೇಜನ್ನು ಆ ಕೋಣೆಗೇ ತಂದು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು, ಎರಡೂ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಆ ಚೀಟಿಯನ್ನು ವೈದ್ಯರಿಗೆ ತೋರಿಸಬಹುದು.